ಹಿತ್ತಲ ಬಂದೂಕಿನ ಶ್ರುತಿ

"ಈ ಮನೆಯ ವಿಶೇಷ ಅಂದ್ರೆ ನಿಶ್ಶಬ್ದ. ಬೆಳಗ್ಗೆ ಎದ್ದರೆ ಹಕ್ಕಿ ಕೂಗು ಬಿಟ್ಟು ಬೇರೇನೂ ಕೇಳಿಸಲ್ಲ," ಎಂದು ರೋಲಂಡ್ ಪ್ರೀಸ್ ಹಿಂಬಾಗಿಲು ತೆರೆದು, ಮನೆ ಕೊಳ್ಳಲು ಬಂದ ದಂಪತಿಗೆ ಹಿತ್ತಲು ತೋರಿಸಿದ. ಮಾತು ಮುಗಿಯುವಷ್ಟರಲ್ಲಿ ಬೇಲಿಯಾಚೆಯಿಂದ ಬಂತು: ಠ್ಯಾಂಯ್‌ಯ್‌ಯ್.

ಹಳೇ ಕಬ್ಬಿಣದ ಮಂಚದ ಮೇಲೆ ದಪ್ಪ ಆಸಾಮಿಯೊಬ್ಬ ಧೊಪ್ಪನೆ ಕೂತಂತಹ ಸದ್ದು. ಅದರ ಬೆನ್ನಿಗೇ ಹೆಂಗಸೊಬ್ಬಳ ಸ್ಪಷ್ಟವಾದ ಬೈಗುಳ. ಮತ್ತೆ ಠ್ಯಾಂಯ್.

ದಂಪತಿ ಮುಖ ಮುಖ ನೋಡಿಕೊಂಡರು. ಹೆಂಡತಿಗೆ ಕಾರಿನಲ್ಲಿ ಏನೋ ಮರೆತದ್ದು ನೆನಪಾಯಿತು. ಗಂಡನಿಗೆ ಹೆಂಡತಿಯ ನೆನಪಾಯಿತು. ಇಬ್ಬರೂ ತಿರುಗಿ ಬರಲಿಲ್ಲ.

ರೋಲಂಡ್ ಒಂದು ಹೂಕುಂಡ ಮಗುಚಿ ಹಾಕಿ, ಅದರ ಮೇಲೆ ನಿಂತು, ಬೇಲಿಯ ಹಲಗೆಗಳ ಮೇಲಿಂದ ಇಣುಕಿದ.

"ಕ್ಷಮಿಸಿ, ಅದೇನು ಸದ್ದು?"

"ಬಂದೂಕು."

"ಅದು ಗೊತ್ತಾಯ್ತು. ಯಾಕೆ ಹಾಗೆ ಅಳ್ತಾ ಇದೆ ಅಂತ ಕೇಳಿದೆ."

ಅವಳು ತಿರುಗಿದಳು. ಹೆಸ್ಟರ್ ಗ್ವಿಲಿಯಮ್, ಲೆಮ್‌ಸ್ಟರ್ ಪೇಟೆಗೆ ಹೋಗುವ ಬಸ್ಸಿನ ಚಾಲಕಿ. ಹೋದ ಶರತ್ಕಾಲದಲ್ಲಿ ಪಕ್ಕದ ಮನೆಗೆ ಬಂದವಳು. ಇದುವರೆಗೆ ಇಬ್ಬರ ನಡುವೆ ತಲೆಯಾಡಿಸಿದ್ದು ಬಿಟ್ಟರೆ ಮಾತಿರಲಿಲ್ಲ. ಬಸ್ ಕಂಪನಿಯ ನೀಲಿ ಕೋಟಿನಲ್ಲೇ ಇದ್ದಳು. ಗುರಿ ಹಿಡಿಯುವಾಗ ಮುಚ್ಚಿದ್ದ ಒಂದು ಕಣ್ಣನ್ನು ತೆರೆಯಲು ಮರೆತೇ ಬಿಟ್ಟಿದ್ದಳು. ಹಾಗಾಗಿ ಅವಳು ಅವನನ್ನು ನೆಟ್ಟಗೆ ನೋಡಿದ ಮೊದಲ ನೋಟವೇ ಒಂಟಿಗಣ್ಣಿನದಾಯಿತು.

"ನನ್ನ ಮನೆ ಕೊಳ್ಳೋಕೆ ಬಂದಿದ್ದವರು ಓಡಿಹೋದರು," ಎಂದ ರೋಲಂಡ್.

"ಇದಕ್ಕೆ ಹೆದರಿದರಾ? ಅಯ್ಯೋ ಪಾಪ. ಎದುರಿಗಿರೋ ಟಿನ್ನಿಗೇ ನನ್ನ ಭಯ ಇಲ್ಲ. ಧೈರ್ಯವಾಗಿ ನಿಲ್ಲಬಹುದಿತ್ತು ಅವರು." ಅವಳ ಇನ್ನೊಂದು ಕಣ್ಣೂ ಈಗ ತೆರೆದುಕೊಂಡಿತು. ಎರಡರಲ್ಲೂ ನಗು ಇತ್ತು.

ವಿಷಯ ಇಷ್ಟೇ. ಊರಿನ 'ತ್ರೀ ಪಿಯರ್ಸ್' ಪಬ್ಬಿನಲ್ಲಿ ಪ್ರತಿ ಗುರುವಾರ ಸಂಜೆ ಗಂಟೆ ಹೊಡೆಯುವ ಪಂದ್ಯ. ಗೋಡೆಯ ಮೇಲೊಂದು ಉಕ್ಕಿನ ತಟ್ಟೆ, ನಡುವೆ ಬಟಾಣಿ ಗಾತ್ರದ ತೂತು, ತೂತಿನ ಹಿಂದೆ ಗಂಟೆ. ಏರ್‌ಗನ್ನಿನ ಗುಂಡು ತೂತಿನೊಳಗೆ ಹೋದರೆ ಗಂಟೆ ಠಣ್ ಅನ್ನಬೇಕು. ಹೆಸ್ಟರ್ ತಂಡಕ್ಕೆ ಹೊಸಬಳು. ಅವಳು ಹೊಡೆದರೆ ಗಂಟೆ ಮೌನವ್ರತ ಹಿಡಿಯುತ್ತಿತ್ತು. "ಎಲ್ಲಾ ಸ್ಟಾಪಿನಲ್ಲೂ ನಿಲ್ಲಿಸ್ತೀಯ, ಗಂಟೆ ಹತ್ರ ಮಾತ್ರ ನಿಲ್ಲಿಸದೆ ಹೋಗ್ತೀಯಲ್ಲ!" ಎಂದು ಎದುರು ತಂಡದವರು ಹಂಗಿಸಿದ ಮೇಲೆ, ಪಬ್ಬಿನ ಬಂದೂಕನ್ನೇ ಎರವಲು ತಂದು, ಹಿತ್ತಲಿನ ಇಟ್ಟಿಗೆ ಗೋಡೆಗೆ ಮರಳಿನ ಪೆಟ್ಟಿಗೆ ಒರಗಿಸಿ, ಅಭ್ಯಾಸಕ್ಕೆ ನಿಂತಿದ್ದಳು.

"ನಿಮ್ಮ ಬಂದೂಕು ಶ್ರುತಿಯಲ್ಲಿಲ್ಲ," ಎಂದ ರೋಲಂಡ್.

"ಇದೇನು ಪಿಯಾನೋ ಅನ್ಕೊಂಡ್ರಾ?"

"ನಾನು ಪಿಯಾನೋ ಶ್ರುತಿ ಮಾಡೋನೇ. ಒಳಗಿರೋ ಸ್ಪ್ರಿಂಗ್ ಸಡಿಲ ಇದೆ. ಗುಂಡು ಹಾರಿಹೋದ ಮೇಲೂ ನಡುಗ್ತಾನೇ ಇರುತ್ತೆ. ಸ್ಪ್ರಿಂಗೂ ಒಂದು ತಂತಿ ತಾನೆ? ದಯವಿಟ್ಟು ನಿಮಗೇ ಅಂತ ಒಂದು ಒಳ್ಳೇದು ಕೊಂಡುಕೊಳ್ಳಿ. ನನ್ನ ಮನೆಯೂ ಮಾರಾಟ ಆಗಲಿ."

"ಯಾವುದು ಒಳ್ಳೇದು ಅಂತ ನನಗೇನು ಗೊತ್ತು?"

"ನನಗೂ ಗೊತ್ತಿಲ್ಲ. ನನ್ನ ಹತ್ರ ಇರೋದು ಕಿವಿ ಮಾತ್ರ."

"ಹಾಗಾದ್ರೆ ಅದನ್ನೇ ತಗೊಂಡು ಬನ್ನಿ, ಮಿಸ್ಟರ್ ಪ್ರೀಸ್. ಮಂಗಳವಾರ ನನಗೆ ರಜ."

ಆ ರಾತ್ರಿ ಅಕ್ಕ ಈನಿಡ್ ಬ್ರಿಸ್ಟಲ್‌ನಿಂದ ಫೋನ್ ಮಾಡಿದಳು. ಹೆಂಡತಿ ಬಿಟ್ಟುಹೋದ ಮೇಲೆ ಒಂಟಿಯಾದ ತಮ್ಮನಿಗೆ ತನ್ನ ಮನೆಯ ಹತ್ತಿರವೇ ಫ್ಲಾಟ್ ಹುಡುಕಿದವಳು, ಮನೆ ಮಾರು ಮಾರು ಎಂದು ಬೆನ್ನು ಹತ್ತಿದವಳು ಅವಳೇ. "ಇವತ್ತು ಬಂದವರು ಏನಂದ್ರೋ?" ಎಂದು ಕೇಳಿದಳು. ರೋಲಂಡ್ ಉತ್ತರಿಸುವ ಮೊದಲು ಸುಮ್ಮನೆ ನಕ್ಕ. ತಮ್ಮ ನಕ್ಕದ್ದು ಕೇಳಿ ಎಷ್ಟೋ ಕಾಲವಾಗಿದ್ದ ಅಕ್ಕ, ಅವನಿಗೆ ಜ್ವರವಿರಬೇಕೆಂದು ಭಾವಿಸಿದಳು.

ಮಂಗಳವಾರ ಅವನ ವ್ಯಾನಿನಲ್ಲೇ ಹೊರಟರು. ಬೇರೆಯವರು ಓಡಿಸುವ ಗಾಡಿಯಲ್ಲಿ ಕೂತು ಅಭ್ಯಾಸವಿಲ್ಲದ ಹೆಸ್ಟರ್, ಪ್ರತಿ ತಿರುವಿನಲ್ಲೂ ತನ್ನ ಕಾಲಡಿ ಇಲ್ಲದ ಬ್ರೇಕನ್ನು ಒತ್ತುತ್ತಿದ್ದಳು.

"ನಂಬಿಕೆ ಇಲ್ವಾ?"

"ನಂಬಿಕೆ ಇದೆ. ಕಾಲಿಗಿಲ್ಲ."

ಬಂದೂಕಿನ ಅಂಗಡಿಯ ಮಿಸೆಸ್ ಪ್ರೋಬರ್ಟ್ ಬಿಳಿಗೂದಲಿನ, ಗಟ್ಟಿ ದನಿಯ ಮುದುಕಿ. ಹೆಸ್ಟರಳನ್ನು ಅಡಿಯಿಂದ ಮುಡಿವರೆಗೆ ನೋಡಿ, "ಮೊದಲು ಬಂದೂಕು ನೋಡೋದಲ್ಲ ಮಗಳೇ, ನಿನ್ನನ್ನ ನೋಡಬೇಕು. ಎಡಗೈಯವಳಾ? ತೋಳು ಗಿಡ್ಡ. ಎಲ್ಲಿ ಹೊಡೀತೀಯ?" ಎಂದಳು.

"ಹಿತ್ತಲಲ್ಲಿ. ಆಮೇಲೆ ಪಬ್ಬಲ್ಲಿ."

"ಸರಿ. ಆ ಗೋಡೆ ಕ್ಯಾಲೆಂಡರ್ ಕಡೆ ತಿರುಗು. ಕಣ್ಣು ಮುಚ್ಚು. ಇದನ್ನ ಹೆಗಲಿಗೆ ಏರಿಸು. ಕೆನ್ನೆ ಒರಗಿಸು. ಈಗ ಕಣ್ಣು ಬಿಡು. ಗುರಿಕಡ್ಡಿ ಕಣ್ಣೆದುರಿಗೇ ಇದೆಯಾ?"

ಮೊದಲನೆಯದು ಕಪ್ಪು, ಭಾರೀ ಬಂದೂಕು. ಗುಂಡು ತುಂಬಲು ನಳಿಗೆ ಮಡಚಬೇಕಾದರೆ ಹೆಸ್ಟರ್ ಅದರ ಮೇಲೆ ಜೋತು ಬೀಳಬೇಕಾಯಿತು. "ಬಿಡು, ಅದು ಗಂಡಸರು ಒಬ್ಬರಿಗೊಬ್ಬರು ತೋರಿಸಿಕೊಳ್ಳೋಕೆ ಕೊಳ್ಳೋದು," ಎಂದಳು ಮುದುಕಿ. "ಹಿತ್ತಲಿಗೆ ಬೇಕಾದ್ದು ಜೋರಲ್ಲ, ಒಂದೇ ಸಮ ಇರೋದು." ಎರಡನೆಯದಕ್ಕೆ ನಳಿಗೆಯ ಕೆಳಗೆ ಸ್ಪ್ರಿಂಗ್ ಬಿಗಿಯಲು ಎಳೆಯುವ ಸನ್ನೆಕೋಲು ಇತ್ತು. ಗುರಿ ಚೆನ್ನ, ಆದರೆ ಮೂತಿ ಭಾರ. ಅವಳ ತೋಳು ನಡುಗಿತು. ಮೂರನೆಯದು ಯಾರೋ ಬಳಸಿ ಬಿಟ್ಟದ್ದು. ಬೀಚ್ ಜಾತಿಯ ಮರದ ಹಿಡಿಯ ಮೇಲೆ ಉದ್ದನೆಯ ಗೀರು. ಹೆಸ್ಟರ್ ಕಣ್ಣು ಮುಚ್ಚಿ ಏರಿಸಿದಳು, ತೆರೆದಳು.

"ಬಂತು," ಎಂದಳು ಮೆಲ್ಲಗೆ. ಕೆನ್ನೆಯನ್ನು ಮರಕ್ಕೆ ಒತ್ತಿಕೊಂಡೇ ಇದ್ದಳು.

ರೋಲಂಡ್ ಬಂದೂಕನ್ನು ನೋಡಲಿಲ್ಲ. ಆ ಕೆನ್ನೆಯನ್ನು ನೋಡಿದ. ಮಿಸೆಸ್ ಪ್ರೋಬರ್ಟ್ ಅವನನ್ನು ನೋಡಿದಳು.

ಹಿಂದಿನ ಕೋಣೆಯಲ್ಲಿ ಮರಳಿನ ಪೆಟ್ಟಿಗೆಗೆ ಮುದುಕಿ ಒಂದು ಗುಂಡು ಹೊಡೆದು ತೋರಿಸಿದಳು. ರೋಲಂಡ್ ತಲೆ ಓರೆ ಮಾಡಿ ಆಲಿಸಿದ. "ಸಣ್ಣಗೆ ನಡುಕ ಇದೆ. ಆದರೆ ಕಂಠ ಒಳ್ಳೇದು. ಸರಿಹೋಗುತ್ತೆ."

"ಸರಿ, ಗಂಡ ಹೆಂಡ್ತಿ ಕೂತು ಬಿಚ್ಚಿ ನೋಡಿ. ಸ್ಪ್ರಿಂಗನ್ನ ಮಾತ್ರ ಬಿಗಿಪಟ್ಟು ಹಾಕದೆ ಬಿಚ್ಚಬೇಡಿ, ಹಾರಿ ನಿಮ್ಮ ಮೂತಿ ಒಡೀತದೆ."

"ಅಲ್ಲ ಅಲ್ಲ! ನೆರೆಮನೆಯವರು!" ಇಬ್ಬರೂ ಒಟ್ಟಿಗೇ ಅಂದರು.

"ಓಹೋ," ಎಂದಳು ಮುದುಕಿ, ರಸೀದಿ ಹರಿಯುತ್ತ. "ಇನ್ನೂ ನೆರೆಮನೆಯವರಾ?"

ಬಿಚ್ಚುವ ಕೆಲಸ ರೋಲಂಡನ ಕಾರ್ಯಾಗಾರದಲ್ಲಿ. ಅಲ್ಲೊಂದು ಪಿಯಾನೋ ಮುಚ್ಚಳ ತೆರೆದುಕೊಂಡು ತಂತಿಗಳನ್ನು ತೋರಿಸುತ್ತ ನಿಂತಿತ್ತು. ಬಂದೂಕನ್ನು ಮೇಜಿಗೆ ಪಟ್ಟು ಹಾಕಿ, ರೋಲಂಡ್ ಪುಟ್ಟ ಸುತ್ತಿಗೆಯಿಂದ ಒಳಗಿನ ಮೊಳೆಯನ್ನು ತಳ್ಳಿದ.

"ಪಟ್ಟು ಬಿಗಿ ಇದೆಯಾ?" ಹೆಸ್ಟರ್ ಕೇಳಿದಳು, ಎರಡು ಹೆಜ್ಜೆ ಹಿಂದೆ ಸರಿದು.

"ಇಪ್ಪತ್ತು ವರ್ಷದಿಂದ ತಂತಿ ಬಿಗೀತಾ ಇದೀನಿ, ಮಿಸ್ ಗ್ವಿಲಿಯಮ್. ನನಗೆ ಬಿಗಿ ಅಂದ್ರೆ ಏನು ಅಂತ..."

ಸ್ಪ್ರಿಂಗ್ ಹಾರಿತು. ಅವನ ಕಿವಿಯ ಪಕ್ಕದಿಂದ ಸುಯ್ಯನೆ ಹೋಗಿ, ಚಾವಣಿಗೆ ಬಡಿದು, ನೇರ ಪಿಯಾನೋದ ಒಳಗೆ ಬಿತ್ತು. ಮಂದ್ರದ ತಂತಿಗಳೆಲ್ಲ ಒಟ್ಟಿಗೆ ಗುಡುಗಿದವು.

ಗುಡುಗು ಆರುವವರೆಗೆ ಇಬ್ಬರೂ ಅಲುಗಲಿಲ್ಲ. ಆಮೇಲೆ ಹೆಸ್ಟರ್ ಗಂಭೀರವಾಗಿ, "ಈಗಿನದು ಶ್ರುತಿಯಲ್ಲಿತ್ತಾ?" ಎಂದಳು. ಅವನು ನಕ್ಕ. ಅವಳೂ ನಕ್ಕಳು. ನಗುನಗುತ್ತ ಇಬ್ಬರೂ ಪಿಯಾನೋದೊಳಗೆ ಕೈ ಹಾಕಿ ತಡಕಿದರು. ಮೊದಲು ಸಿಕ್ಕಿದ್ದು ಸ್ಪ್ರಿಂಗ್ ಅಲ್ಲ, ಬೆರಳುಗಳು.

ಅವಳು ಕೂಡಲೇ ಬಿಡಲಿಲ್ಲ. ಅವನೂ ಬಿಡಲಿಲ್ಲ. ಯಾವುದೋ ತಂತಿ ಸಣ್ಣಗೆ ಮಿಡಿಯಿತು.

ಸ್ಪ್ರಿಂಗಿನ ತುದಿಗಳು ಒರಟಾಗಿದ್ದವು. ಅವಳು ಮರಳುಕಾಗದದಲ್ಲಿ ಉಜ್ಜಿ ಕನ್ನಡಿ ಮಾಡಿದಳು. ಸ್ಪ್ರಿಂಗಿನ ಒಳಗಿನ ಸಡಿಲ ತುಂಬಲು ಮಿಸೆಸ್ ಪ್ರೋಬರ್ಟ್ ಕೊಟ್ಟಿದ್ದ ಪ್ಲಾಸ್ಟಿಕ್ ಕೊಳವೆಯನ್ನು ಅವನು ಹದವಾಗಿ ತೂರಿಸಿದ. ಕಪ್ಪನೆಯ ಅಂಟು ಗ್ರೀಸನ್ನು ಸ್ಪ್ರಿಂಗಿಗೆ ತೆಳ್ಳಗೆ ಸವರಬೇಕೆಂದಿದ್ದಳು ಮುದುಕಿ. ಅವನು ಬ್ರೆಡ್ಡಿಗೆ ಬೆಣ್ಣೆಯಂತೆ ಬಳಿದ. ಮೊದಲ ಗುಂಡಿಗೆ ಹೆಚ್ಚಾದ ಗ್ರೀಸ್ ಹೊತ್ತಿ, ಬಂದೂಕು ಫಟ್ ಎಂದು ಸಿಡಿದು, ಮೂತಿಯಿಂದ ಹೊಗೆ ಬಿಟ್ಟಿತು.

"ಸಿಗರೇಟ್ ಕಲಿಸಿಬಿಟ್ರಲ್ಲ ಅದಕ್ಕೆ!"

ಮತ್ತೆ ಬಿಚ್ಚಿದರು, ಒರೆಸಿದರು, ಕಟ್ಟಿದರು. ಈ ಸಲ ಹಿತ್ತಲಿಗೆ ಬಂದು ಅವಳು ಟ್ರಿಗರ್ ಎಳೆದಾಗ ಕೇಳಿಸಿದ್ದು ಬರೀ 'ಥಪ್'. ದಿಂಬಿನ ಮೇಲೆ ಯಾರೋ ದಪ್ಪ ಪುಸ್ತಕ ಇಟ್ಟಂತೆ. ನಡುಕವಿಲ್ಲ, ಅಳುವಿಲ್ಲ.

"ನಿಂತುಹೋಯ್ತು," ಎಂದ ರೋಲಂಡ್.

"ಹೌದು, ನಿಂತುಹೋಯ್ತು."

ಇಬ್ಬರೂ ಸಂತೋಷಪಡಬೇಕಿತ್ತು. ಬದಲಿಗೆ, ಕೆಲಸ ಮುಗಿದ ಮನೆಯಲ್ಲಿ ಅತಿಥಿಗಳು ನಿಲ್ಲುವಂತೆ ನಿಂತರು. ಬಂದೂಕು ಸುಮ್ಮನಾಗಿತ್ತು. ಇನ್ನು ಬೇಲಿ ದಾಟಿ ಬರಲು ಯಾರಿಗೂ ನೆಪವಿರಲಿಲ್ಲ.

"ಟ್ರಿಗರ್ ಸ್ವಲ್ಪ ಗಟ್ಟಿ ಅನ್ಸುತ್ತೆ," ಎಂದಳು ಹೆಸ್ಟರ್.

"ನಾಳೆ ನೋಡೋಣ," ಎಂದ ರೋಲಂಡ್, ಸ್ವಲ್ಪ ಬೇಗನೇ.

ನಾಳೆ ಟ್ರಿಗರ್. ನಾಡಿದ್ದು ಹಿಡಿಯ ತಿರುಪುಗಳು. ಆಮೇಲೆ ಗುಂಡುಗಳ ರುಚಿ ನೋಡುವುದು. ಪ್ರತಿ ನಳಿಗೆಗೂ ತನ್ನದೇ ನಾಲಗೆ ಇರುತ್ತದೆ, ಒಂದಕ್ಕೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪುವುದಿಲ್ಲ. ಬೇರೆ ಬೇರೆ ಡಬ್ಬಿಯ ಸೀಸದ ಗುಂಡುಗಳನ್ನು ಸರದಿಯ ಮೇಲೆ ಹೊಡೆದು, ಕಾಗದದ ತೂತುಗಳ ಮೇಲೆ ಇಬ್ಬರೂ ತಲೆ ಬಾಗಿಸಿ ಜಗಳವಾಡಿದರು. ಹೆಸ್ಟರ್ ಟೀ ತಂದಳು. ರೋಲಂಡ್ ತನ್ನ ಹಿತ್ತಲಿನ ರೂಬಾರ್ಬ್ ದಂಟು ಕಿತ್ತು ತಂದ. ದಂಟು ಅವಳ ಒಲೆಯಲ್ಲಿ ಸಿಹಿ ಕ್ರಂಬಲ್ ಆಗಿ ಇಬ್ಬರ ತಟ್ಟೆಗೂ ಬಂತು.

ಎಲ್ಲ ಸರಿಯಿದ್ದರೂ ಗುಂಡುಗಳು ಚದುರುತ್ತಿದ್ದವು. ರೋಲಂಡ್ ಕಣ್ಣು ಮುಚ್ಚಿ ಕೂತು ಕೇಳಿದ.

"ಒಂದೊಂದು ಸಲ ಒಂದೊಂದು ಸ್ವರ ಬರ್ತಿದೆ. ಬಂದೂಕು ಅದೇ. ನೀವು ಹಿಡಿಯೋದು ಬೇರೆ ಬೇರೆ. ಬಸ್ಸಿನ ಸ್ಟಿಯರಿಂಗ್ ಥರ ಹಿಚುಕ್ತೀರಿ."

"ಹಿಡೀದಿದ್ರೆ ಒದೆಯುತ್ತಲ್ಲ?"

"ಒದೀಲಿ ಬಿಡಿ. ಒದ್ದು ನಿಮ್ಮ ಹೆಗಲಿಗೇ ತಾನೆ ಬರೋದು? ಅಂಗೈ ಮೇಲೆ ಸುಮ್ಮನೆ ಇಟ್ಕೊಳ್ಳಿ. ಕೋಳಿಮರಿ ಇಟ್ಕೊಂಡ ಹಾಗೆ."

ಅವನು ಪಕ್ಕಕ್ಕೆ ಬಂದು, ಅವಳ ಚಾಚಿದ ಅಂಗೈ ಕೆಳಗೆ ತನ್ನ ಅಂಗೈ ಇಟ್ಟ. ಅವಳು ಉಸಿರು ಬಿಟ್ಟಳು. ಥಪ್. ಅವನು ಗುಂಡು ಎತ್ತಿಕೊಟ್ಟ. ಥಪ್. ಮತ್ತೆ ಥಪ್. ಕಾಗದ ತಂದು ನೋಡಿದರೆ ಅಷ್ಟೂ ಗುಂಡುಗಳು ಒಂದೇ ತೂತಿನ ಅಂಚು ಕಚ್ಚಿಕೊಂಡು, ಮೂರೆಸಳಿನ ಕ್ಲೋವರ್ ಎಲೆಯಂತೆ ಆಗಿದ್ದವು.

"ನೋಡಿ! ನೋಡಿ!" ಹೆಸ್ಟರ್ ಕುಣಿದಳು. ಗ್ರೀಸ್ ಅವಳ ಮೂಗಿನ ಮೇಲಿತ್ತು.

"ಹೆಸ್ಟರ್, ನೀನು..."

ಅವನು ನಿಂತ. ಆ 'ನೀನು' ಬಾಯಿ ಜಾರಿ ಹೊರಬಂದಿತ್ತು. ಅವಳ ಕೆನ್ನೆ ಕೆಂಪಾಯಿತು. ಹೇಳು, ಎಂಬಂತೆ ಮುಖ ಎತ್ತಿದಳು.

ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮನೆ ಮಾರುವ ಏಜೆಂಟ್. ಕೆಲಸದಿಂದ ನಿವೃತ್ತರಾದ ದಂತವೈದ್ಯರೊಬ್ಬರು ಹೆಂಡತಿಯೊಡನೆ ಶನಿವಾರ ಬರುತ್ತಾರೆ, ಚಿತ್ರ ನೋಡಿಯೇ ಮೆಚ್ಚಿದ್ದಾರೆ, ಬಹುತೇಕ ಮಾರಾಟವಾದಂತೆಯೇ, ಎಂದ. ಅಷ್ಟು ಹತ್ತಿರ ನಿಂತಿದ್ದ ಹೆಸ್ಟರಳಿಗೆ ಪ್ರತಿ ಮಾತೂ ಕೇಳಿಸಿತು.

"ಒಳ್ಳೇದಾಯ್ತಲ್ಲ," ಎಂದಳು, ಬಂದೂಕು ಒರೆಸುತ್ತ.

"ಹೂಂ," ಎಂದ ರೋಲಂಡ್. "ಅಕ್ಕನಿಗೆ ಖುಷಿಯಾಗುತ್ತೆ."

ಹೋಗಬೇಡಿ ಅನ್ನಲು ಅವಳಿಗೆ ಒಂದು ಕ್ಷಣ ಸಾಕಿತ್ತು. ಅನ್ನಲಿಲ್ಲ. ಹಿಂದೊಮ್ಮೆ ಹೆರೆಫರ್ಡ್ ಸ್ಟೇಷನ್ನಿನಲ್ಲಿ, ರೈಲು ಹೊರಡುವ ಹೊತ್ತಿಗೆ, ಒಬ್ಬನ ಕೋಟಿನ ತೋಳು ಹಿಡಿದು ಅಂಗಲಾಚಿದ್ದಳು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹತ್ತಿದ್ದ. ಜನ ನೋಡುತ್ತಿದ್ದರು. ಅಂದಿನಿಂದ, ಇರು ಎಂದು ಯಾರನ್ನೂ ಕೇಳಿದವಳಲ್ಲ.

ಗುರುವಾರ ಪಬ್ಬಿಗೆ ರೋಲಂಡ್ ಬಂದ. ಮೂಲೆಯಲ್ಲಿ ಸೇಬಿನ ಸೈಡರ್ ಹಿಡಿದು ಕೂತ. ಹೆಸ್ಟರ್ ಗುರಿಯಿಡುವ ಗೆರೆಗೆ ಬಂದಾಗ, "ಬಸ್ ಬಂತು, ಗಂಟೆ ಬಚ್ಚಿಡ್ರೋ!" ಎಂದು ಎದುರು ತಂಡದವನೊಬ್ಬ ಕೂಗಿದ. ಅವಳು ಅಂಗೈ ಬಿಡಿಸಿ ಬಂದೂಕು ಇಟ್ಟುಕೊಂಡಳು. ಥಪ್, ಠಣ್. ಕೂಗಿದವನು ಗ್ಲಾಸ್ ಕೆಳಗಿಟ್ಟ. ಥಪ್, ಠಣ್. ಐದನೆಯದಕ್ಕೂ ಗಂಟೆ ಮೊಳಗಿದಾಗ ಪಬ್ಬೆಲ್ಲ ಎದ್ದು ನಿಂತಿತು. ಯಾರೋ ಅವಳನ್ನು ಎತ್ತಿಯೇ ಬಿಟ್ಟರು. ಆ ಗದ್ದಲದ ನಡುವೆ ತೂರಿಕೊಂಡು ಬಂದ ರೋಲಂಡ್ ಅವಳ ಕಿವಿಯ ಬಳಿ ಏನೋ ಅಂದ.

"ಏನು?"

"ಏನಿಲ್ಲ. ಗಂಟೆ ಸ್ವರ ಚೆನ್ನಾಗಿದೆ ಅಂದೆ."

ಅವಳಿಗೆ ನಂಬಿಕೆ ಬರಲಿಲ್ಲ. ಗಂಟೆಯ ಮಾತು ಆಡುವವರು ಅಷ್ಟು ಬಿಳಿಚಿಕೊಳ್ಳುವುದಿಲ್ಲ.

ಶನಿವಾರ ಬಂತು. ಹೆಸ್ಟರ್ ಬಂದೂಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ರೇಡಿಯೋ ಹಚ್ಚಲಿಲ್ಲ. ಕುದಿಯುವ ಕೆಟಲ್ ಕೂಡ ಸಿಳ್ಳೆ ಹಾಕುವ ಮೊದಲೇ ಇಳಿಸಿದಳು. ಅವನ ಮನೆ ಮಾರಾಟವಾಗಬೇಕು, ಅವನಿಗೆ ಬೇಕಾದ್ದು ಅದೇ, ತನ್ನ ಕೈಲಾದ್ದು ಇಷ್ಟೇ. ಮೇಲಿನ ಕಿಟಕಿಯ ಪರದೆಯ ಸಂದಿಯಿಂದ ನೋಡಿದಳು. ದಂತವೈದ್ಯರ ಹೆಂಡತಿ ಹುಲ್ಲಿನ ಮೇಲೆ ನಿಂತು, ಬೆಂಚು ಎಲ್ಲಿಡಬೇಕೆಂದು ಕೈತೋರಿಸುತ್ತಿದ್ದಳು. ಹೆಸ್ಟರ್ ಪರದೆ ಎಳೆದು ಮಂಚದ ಮೇಲೆ ಕೂತಳು.

ಅವರ ಕಾರು ಹೋದ ಸದ್ದಾಯಿತು. ಒಡನೆಯೇ ಬಾಗಿಲ ಮೇಲೆ ಧಬಧಬ ಗುದ್ದು.

ತೆರೆದರೆ ರೋಲಂಡ್. ಮುಖ ಕೆಂಡ.

"ಯಾಕೆ ಹೊಡೀಲಿಲ್ಲ?"

"ಏನನ್ನ?"

"ಬಂದೂಕು! ಬೆಳಗ್ಗೆಯಿಂದ ಕಾಯ್ತಾ ಇದೀನಿ! 'ಪಕ್ಕದ ಮನೆಯವಳು ದಿನವಿಡೀ ಗುಂಡು ಹೊಡೀತಾಳೆ, ಒಂದು ಗಳಿಗೆ ನೆಮ್ಮದಿ ಇಲ್ಲ' ಅಂತ ಅವರಿಗೆ ಹೇಳಿ ಕೂತಿದ್ದೆ. ನೋಡಿದ್ರೆ ಸ್ಮಶಾನ ಮೌನ! ಅದರ ಮೇಲೆ ಒಂದು ಬ್ಲಾಕ್‌ಬರ್ಡ್ ಬಂದು ಕೂತು ಹಾಡ್ತು. ಆ ಹೆಂಗಸು ಕಣ್ಣು ಮುಚ್ಚಿಕೊಂಡು 'ಸ್ವರ್ಗ' ಅಂದಳು!"

ಹೆಸ್ಟರಳಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದಾಗ ನಗು ಗಂಟಲಿಗೆ ಬಂತು. "ಹೊಡೆದಿದ್ರೂ ಅವರಿಗೆ ಕೇಳಿಸ್ತಿರಲಿಲ್ಲ. ಸದ್ದಡಗಿಸಿದವರು ನೀವೇ ಅಲ್ವಾ?"

"ಅದೇ ನಾನು ಮಾಡಿದ ದೊಡ್ಡ ಪೆದ್ದುತನ!"

"ಮಾರೋಕೆ ಇಷ್ಟ ಇಲ್ಲದಿದ್ರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ?"

"ಹೇಳಿದೆ. ಗುರುವಾರ. ಎಲ್ಲರೂ ಕೂಗ್ತಿದ್ರು."

"ಗಂಟೆ ಚೆನ್ನಾಗಿದೆ ಅಂದ್ರಿ ನೀವು!"

"ಎರಡನೇ ಸಲ ಹೇಳೋಕೆ ಧೈರ್ಯ ಬರಲಿಲ್ಲ. ನೀನೂ 'ಹೋಗಬೇಡಿ' ಅಂತ ಒಂದು ಮಾತು ಅನ್ನಲಿಲ್ಲ."

"ನಾನು ಯಾರಿಗೂ ಹಾಗೆ ಅನ್ನಲ್ಲ," ಎಂದಳು ಹೆಸ್ಟರ್. ಬಾಗಿಲಿಗೆ ಒರಗಿಕೊಂಡು, ನೆಲ ನೋಡುತ್ತ, ಸ್ಟೇಷನ್ನಿನ ಕಥೆ ಹೇಳಿದಳು. ರೈಲು, ಕೋಟಿನ ತೋಳು, ನೋಡುತ್ತ ನಿಂತ ಜನ. ಯಾರಿಗೂ ಹೇಳಿರದ ಕಥೆ. ಅವನು ನಡುವೆ ಬಾಯಿ ಹಾಕದೆ ಕೇಳಿದ. ಕೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ನನಗೆ ಅನ್ನು," ಎಂದ ಕೊನೆಗೆ. "ಒಂದೇ ಒಂದು ಸಲ. ತೋಳು ಹಿಡೀಬೇಕಾಗಿಲ್ಲ. ಸುಮ್ಮನೆ ಅನ್ನು."

ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ನಿಂತಿತು. ಹೆಸ್ಟರ್ ತಲೆ ಎತ್ತಿದಳು.

"ಹೋಗಬೇಡ."

ಅವನು ಕಣ್ಣು ಮುಚ್ಚಿದ. ಮುಚ್ಚಿಕೊಂಡೇ ನಕ್ಕ.

"ಅವರಿಗೆ ಏನು ಹೇಳಿ ಕಳಿಸಿದೆ?" ಎಂದು ಕೇಳಿದಳು.

"ಮನೆ ಮಾರಲ್ಲ ಅಂದೆ."

"ಆಗಲೇ? ಇಲ್ಲಿಗೆ ಬರೋ ಮೊದಲೇ? ಮತ್ತೆ ನನ್ನ ಬಾಯಿಂದ ಯಾಕೆ ಹೇಳಿಸಿದೆ, ಕಳ್ಳ?"

"ಕೇಳಬೇಕಿತ್ತು," ಎಂದ ರೋಲಂಡ್.

ಅವಳು ಅವನ ಎದೆಗೆ ಒಂದು ಗುದ್ದಿದಳು. ಗುದ್ದಿದ ಕೈ ಅಲ್ಲೇ ಉಳಿಯಿತು. ಆಮೇಲೆ ಅವಳ ಹಣೆಯೂ ಅಲ್ಲಿಗೇ ಬಂತು.

ಅಂದು ಜೂನ್ ತಿಂಗಳ ಸಂಜೆ, ಬೆಳಕು ಮುಗಿಯುವ ಆತುರದಲ್ಲಿರಲಿಲ್ಲ. ಇಬ್ಬರೂ ಅವಳ ಹಿತ್ತಲಲ್ಲಿ ನಿಂತಿದ್ದರು. ರೋಲಂಡ್ ಬೇಲಿಯನ್ನು ನೋಡಿದ, ಅದರಾಚೆ ತನ್ನ ಹುರುಳಿಕಾಯಿ ಪಾತಿಯನ್ನು ನೋಡಿದ, ತಿರುಗಿ ಅವಳ ಇಟ್ಟಿಗೆ ಗೋಡೆಯನ್ನು ನೋಡಿದ.

"ನಿನ್ನ ಹಿತ್ತಲು ಗುರಿ ಅಭ್ಯಾಸಕ್ಕೆ ತೀರಾ ಗಿಡ್ಡ. ಈ ಬೇಲಿ ತೆಗೆದುಬಿಟ್ರೆ, ನನ್ನ ಪಾತಿಯಿಂದ ನಿನ್ನ ಗೋಡೆಗೆ ಓರೆಯಾಗಿ ಹೊಡೆದರೆ, ಎರಡರಷ್ಟು ಉದ್ದ ಸಿಗುತ್ತೆ."

ಹೆಸ್ಟರ್ ಸೊಂಟದ ಮೇಲೆ ಕೈಯಿಟ್ಟಳು. "ರೋಲಂಡ್ ಪ್ರೀಸ್, ನೀನು ಮಾತಾಡ್ತಿರೋದು ಬಂದೂಕಿನ ವಿಷಯವಾ, ಮದುವೆ ವಿಷಯವಾ?"

"ಬಂದೂಕಿನದ್ದು ಅಂತ ಶುರುಮಾಡಿದೆ," ಎಂದ ಅವನು, ಕಿವಿಯವರೆಗೂ ಕೆಂಪಾಗಿ. "ಮಧ್ಯದಲ್ಲಿ ಎಲ್ಲೋ ಬದಲಾಯ್ತು."

"ತಿರುಪುಳಿ ತಗೊಂಡು ಬಾ."

ಒಬ್ಬರು ಆ ಕಡೆ, ಒಬ್ಬರು ಈ ಕಡೆ ನಿಂತು ತಿರುಪು ಬಿಚ್ಚಿದರು. ತುಕ್ಕು ಹಿಡಿದ ಮೊಳೆಗಳಿಗೆ ಇವರಷ್ಟು ತಾಳ್ಮೆ ಇರಲಿಲ್ಲ. ನಡುವಿನ ಇಡೀ ಚೌಕಟ್ಟು ಒಮ್ಮೆಲೇ ಕಳಚಿ, ರೂಬಾರ್ಬ್ ಗಿಡದ ಮೇಲೆ ಧಡಾರೆಂದು ಮಗುಚಿತು. ಧೂಳು ಎದ್ದಿತು. ಧೂಳಿನ ನಡುವೆಯೇ ಅವಳು ಹಲಗೆ ದಾಟಿ ಬಂದಳು; ಅವನು ಕೈ ಚಾಚಿದ. ಮೊದಲ ಮುತ್ತಿನಲ್ಲಿ ಗ್ರೀಸಿನ, ಮಣ್ಣಿನ, ಹಳೇ ಮರದ ವಾಸನೆ ಇತ್ತು.

ಬೀದಿಯ ಕೊನೆಯ ಮನೆಯ ಕಿಟಕಿ ತೆರೆದು, ಮುದುಕನೊಬ್ಬ ಸಿಟ್ಟಿನಿಂದ ಕೂಗಿದ: "ಏಯ್, ಅಲ್ಲಿ ಯಾರು ಅಷ್ಟು ಗದ್ದಲ ಮಾಡ್ತಿರೋದು?"

ಹೆಸ್ಟರ್ ಮುಖ ಹೊರಳಿಸಿ, ಊರಿಗೆಲ್ಲ ಕೇಳುವಂತೆ ಕೂಗಿದಳು:

"ನಾವು!"